ಕರಡಿಯ ಗಂಟು

ಮುಂಗುಸಿಯ ತಲೆಗೆ ಟೋಪಿ ಇಟ್ಟರೆ ಅದು ಸ್ಟೇಷನ್ ಮಾಸ್ಟರ್ ಆಗುತ್ತದೆ ಎಂದು ನಮ್ಮ ಬೀದಿಯ ಮಕ್ಕಳಿಗೆಲ್ಲ ಹೇಳಿಕೊಟ್ಟವರು ಹೋದ ತಿಂಗಳು ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಸಂಜೆ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ಎದುರು ಮನೆಯ ಕಡೆ ಕಿವಿಗೊಟ್ಟಳು. ಟೀವಿಯ ಸದ್ದಿರಲಿಲ್ಲ. "ಈ ಗಲಾಟೆ ಯಾವತ್ತು ನಿಲ್ಲುತ್ತೋ ಅಂತ ಎಷ್ಟು ಸಲ ಅಂದಿದ್ದೆ ನಾನು" ಎಂದಳು. ಆಮೇಲೆ ರೊಟ್ಟಿ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮಧ್ಯಾಹ್ನದ ಅನ್ನವನ್ನೇ ಉಂಡು ಮಲಗಿದೆವು.

ಅಜ್ಜಂಪುರದ ನಮ್ಮ ಬೀದಿಯಲ್ಲಿ ಅವರ ಮನೆ ನಮ್ಮ ಮನೆಗೆ ಸರಿಯಾಗಿ ಎದುರು. ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಮಕ್ಕಳ ಬಾಯಲ್ಲಿ ರೈಲ್ವೆ ತಾತ, ದೊಡ್ಡವರ ಬಾಯಲ್ಲಿ ರೈಲ್ವೆ ಯಜಮಾನ್ರು. ನನ್ನನ್ನು ಅವರು ಕೊನೆಯವರೆಗೂ 'ಡಾಕ್ಟ್ರೇ' ಎಂದೇ ಕರೆದರು. ನಾನು ಡಾಕ್ಟರಲ್ಲ. ದನದ ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರು. ಸೂಜಿ ಚುಚ್ಚುವುದು, ಗಾಯಕ್ಕೆ ಔಷಧಿ ಕಟ್ಟುವುದು, ಹೆರಿಗೆಗೆ ಕಷ್ಟಪಡುವ ಎಮ್ಮೆಯ ಹಿಂದೆ ನಿಂತು ಬೆವರುವುದು, ಇಷ್ಟು ನನ್ನ ವಿದ್ಯೆ. ಮೊದಮೊದಲು ಅವರನ್ನು ತಿದ್ದಿದೆ. ಆಮೇಲೆ ಕಿವಿಗೆ ಹಿತವಾಗಿದ್ದರಿಂದ ಸುಮ್ಮನಾದೆ.

ಗೇಟಿನ ನೌಕರಿ ಅವರ ಮೈಯಿಂದ ಇಳಿದೇ ಇರಲಿಲ್ಲ. ಬೀದಿಗೆ ಬೆನ್ನು ಹಾಕಿ ಅವರು ಕೂತದ್ದನ್ನು ನಾನು ಕಾಣೆ. ಮಾತಿನ ನಡುವೆ ಟ್ರ್ಯಾಕ್ಟರ್ ಸದ್ದಾದರೂ ಎದ್ದು ನಿಲ್ಲುತ್ತಿದ್ದರು. ಅದು ದಾಟಿ ಹೋಗುವವರೆಗೆ ಮಾತು ನಿಲ್ಲುತ್ತಿತ್ತು, ಆಮೇಲೆ ಬಿಟ್ಟ ಪದದಿಂದಲೇ ಮುಂದುವರಿಯುತ್ತಿತ್ತು. ಹೆಗಲ ಮೇಲೆ ಸದಾ ಎರಡು ಟವೆಲ್, ಒಂದು ಹಸಿರು, ಇನ್ನೊಂದು ಕೆಂಪು. ಮಕ್ಕಳು ಕಿತ್ತಾಡಿದರೆ ಕೆಂಪು ಟವೆಲನ್ನು ಎತ್ತಿ ಹಿಡಿಯುತ್ತಿದ್ದರು, ಮಕ್ಕಳು ಇದ್ದಲ್ಲೇ ನಿಲ್ಲುತ್ತಿದ್ದವು. ಬಾಯಿ ಮಾಡಿ ಗದರಿಸಿದ್ದನ್ನು ಯಾರೂ ಕೇಳಿಲ್ಲ.

ಗದರಿಸುವ ಕೆಲಸವನ್ನು ಅವರ ಹೆಂಡತಿ ಮಾಡುತ್ತಿದ್ದರು. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಗಂಡ ಶಿವನಿಯ ಆಚೆ ಗೇಟಿನಲ್ಲಿದ್ದ ಕಾಲದಲ್ಲಿ ಸಂಜೆಯ ಊಟವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದು, ದಿನವೂ ಕೊಟ್ಟು ಬರುತ್ತಿದ್ದರಂತೆ. "ಮುದ್ದೆ ಆರೋಕ್ ಮುಂಚೆ ಮುಟ್ಟಿಸ್ಬೇಕಿತ್ತು ಕಣಮ್ಮ. ಇಲ್ದಿದ್ರೆ ಆ ಮುಖ ನೋಡೋಕಾಗ್ತಿರ್ಲಿಲ್ಲ" ಎಂದು ನನ್ನ ಹೆಂಡತಿಗೆ ಹೇಳುವರು. "ಆರಿದ್ ಮುದ್ದೇನ ನೀನು ಉಣ್ಣು, ಗೊತ್ತಾಗ್ತೈತೆ" ಎಂದು ಒಳಗಿಂದ ಉತ್ತರ ಬರುವುದು. ಅವರ ಸಂಸಾರದಲ್ಲಿ ಜಗಳವೆಂದರೆ ಇಷ್ಟೇ.

ಬೀದಿಯಲ್ಲಿ ಯಜಮಾನರಿಗಿದ್ದ ಮರ್ಯಾದೆಗೆ ಮುಖ್ಯ ಕಾರಣ ಹಿಂದಿ. ಝಾನ್ಸಿ, ಇಟಾರ್ಸಿ, ಭೂಸಾವಳ ಎಲ್ಲ ಕಡೆ ಕೆಲಸ ಮಾಡಿದವರು, ಹಿಂದಿ ಅವರಿಗೆ ನೀರು ಕುಡಿದಂತೆ ಎಂದು ಊರು ನಂಬಿತ್ತು. ಬ್ಯಾಂಕಿಗೆ ಉತ್ತರದ ಕಡೆಯ ಮ್ಯಾನೇಜರ್ ಬಂದಾಗ ಸಾಲ ಕೇಳುವವರು ಮೊದಲು ಅವರ ಜಗುಲಿಗೆ ಬರುತ್ತಿದ್ದರು. ಅವರು ಇಸ್ತ್ರಿ ಅಂಗಿ ತೊಟ್ಟು, ಎರಡೂ ಟವೆಲ್ ಸರಿಪಡಿಸಿಕೊಂಡು ಜೊತೆಗೆ ಹೋಗುವರು. ರೈತನಿಗೂ ಮ್ಯಾನೇಜರಿಗೂ ನಡುವೆ ನಿಂತು ಎರಡೂ ಕಡೆಯ ಮಾತಿಗೆ ತಲೆಯಾಡಿಸುವರು. ಕೆಲಸ ಆದರೆ ಅವರಿಂದ ಆಯಿತು, ಆಗದಿದ್ದರೆ ಮ್ಯಾನೇಜರ್ ಸರಿಯಿಲ್ಲ. ತಿರುಗಿ ಬಂದವರು ಅವರಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಕೊಡಿಸುತ್ತಿದ್ದರು.

ನನಗೆ ಮಾತ್ರ ಒಮ್ಮೆ ಅನುಮಾನ ಬಂದಿತ್ತು. ಹಳಿ ಕೆಲಸಕ್ಕೆಂದು ಬಂದಿದ್ದ ಬಿಹಾರದ ಕೂಲಿಯೊಬ್ಬ ತಾನು ಸಾಕಿದ ನಾಯಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಬಂದ. ನಾನು ಯಜಮಾನರಿಗೆ ಹೇಳಿ ಕಳಿಸಿದೆ. ಆ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಆಡಿಸುತ್ತ ಉದ್ದಕ್ಕೆ ಏನೇನೋ ಹೇಳಿದ. ಯಜಮಾನರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಾಯಿ ನಿನ್ನೆಯಿಂದ ಏನೂ ತಿಂದಿಲ್ವಂತೆ ಡಾಕ್ಟ್ರೇ" ಎಂದರು.

"ಇಷ್ಟೊತ್ತು ಹೇಳಿದ್ದು ಅಷ್ಟೇನಾ?"

"ಮಿಕ್ಕಿದ್ದೆಲ್ಲ ಅವ್ನ ಸಂಕಟ. ಅದು ನಿಮ್ಗ್ಯಾಕೆ?"

ನಾಯಿಯ ಬಾಯಿ ಬಿಡಿಸಿ ನೋಡಿದರೆ ಗಂಟಲಲ್ಲಿ ಮೂಳೆ. ನಿನ್ನೆಯಿಂದ ತಿಂದಿಲ್ಲ ಎಂಬುದು ಸರಿಯಾಗಿಯೇ ಇತ್ತು. ಆ ಮಾತನ್ನು ಅವರು ಹಿಂದಿಯಿಂದ ತೆಗೆದರೋ ನಾಯಿಯ ಹೊಟ್ಟೆ ನೋಡಿ ಹೇಳಿದರೋ ಎಂದು ನಾನು ಯೋಚಿಸಿದೆ, ಕೇಳಲಿಲ್ಲ.

ಮುಂಗುಸಿಯ ಆ ಬೊಂಬೆ ಧಾರಾವಾಹಿ ಟೀವಿಯಲ್ಲಿ ಬರಲು ಶುರುವಾದದ್ದು ಅದೇ ಸುಮಾರಿಗೆ, ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ. ಯಾವುದೋ ದೊಡ್ಡ ಪಟ್ಟಣದಲ್ಲಿ ಪ್ರಾಣಿಗಳೇ ಸೇರಿಕೊಂಡು ಕಳ್ಳತನ ಪತ್ತೆ ಮಾಡುವ ಕಥೆ. ಟೋಪಿಯ ಮುಂಗುಸಿ ಅವಕ್ಕೆಲ್ಲ ಯಜಮಾನ, ಅದರ ಜೊತೆಗೆ ಒಂದು ಗೂಬೆ, ಒಂದು ಆಮೆ, ಚೂಟಿಯಾದ ಒಂದು ಅಳಿಲು. ದಿನಕ್ಕೊಂದು ಕಥೆ, ಸಂಜೆ ಏಳಕ್ಕೆ. ನಮ್ಮ ಕಡೆ ಆಗ ಅದು ಹಿಂದಿಯಲ್ಲೇ ಬರುತ್ತಿತ್ತು. ಮಕ್ಕಳಿಗೆ ಹಿಂದಿ ಬಾರದು, ಹಾಗಾಗಿ ಹಿಂದಿ ಬಲ್ಲವರ ಮನೆಗೆ ಹೋದವು.

ಯಜಮಾನರು ಟೀವಿಯ ಪಕ್ಕದಲ್ಲಿ ನಿಂತುಕೊಂಡೇ ಕಥೆ ಹೇಳುತ್ತಿದ್ದರು. ಮೊದಲ ದಿನವೇ ಪ್ರಾಣಿಗಳಿಗೆಲ್ಲ ರೈಲ್ವೆಯಲ್ಲಿ ಕೆಲಸ ಕೊಟ್ಟರು. ಮುಂಗುಸಿ ಸ್ಟೇಷನ್ ಮಾಸ್ಟರು, ಅಳಿಲು ಟಿಕೆಟ್ ಕಲೆಕ್ಟರು, ಆಮೆ ಗೂಡ್ಸ್ ಗಾಡಿಯ ಗಾರ್ಡು, ಗೂಬೆ ಗೇಟಿನ ನೈಟ್ ಡ್ಯೂಟಿ. ಆ ಪಟ್ಟಣ ಬೀರೂರು ಜಂಕ್ಷನ್. ಒಂದು ಕಥೆಯಲ್ಲಿ ರಸ್ತೆಯ ಮೇಲೆಲ್ಲ ಹಿಮ ಬಿದ್ದಿತ್ತು. "ಅದೇನು ತಾತ ಬೆಳ್ಳಗೆ?" ಎಂದು ಮಕ್ಕಳು ಕೇಳಿದರೆ, "ಹತ್ತಿ ಲೋಡು ಕಣ್ರೋ, ತರೀಕೆರೆ ಹತ್ರ ಗೂಡ್ಸ್ ಮಗುಚ್ಕೊಂಡೈತೆ" ಎಂದರಂತೆ. ನನ್ನ ಮಗಳು ಊಟಕ್ಕೆ ಕೂತು ಆಮೆಯ ಅಜಾಗರೂಕತೆಯಿಂದ ಎಷ್ಟು ಹತ್ತಿ ಹಾಳಾಯಿತು ಎಂದು ನಮಗೆ ವಿವರಿಸಿದಳು.

ಒಂದೆರಡು ಸಂಜೆ ನಾನೂ ಹೋಗಿ ಕೂತೆ. ಜೀವಮಾನವೆಲ್ಲ ನಿಜವಾದ ಪ್ರಾಣಿಗಳ ಜೊತೆ ಕಳೆದವನಿಗೆ ಮಾತಾಡುವ ಪ್ರಾಣಿಗಳು ವಿಶ್ರಾಂತಿಯಂತಿದ್ದವು. ಆಗ ಒಂದು ವಿಷಯ ಗಮನಿಸಿದೆ. ಟೀವಿಯಲ್ಲಿ ಕೊನೆಗೆ ಯಾರಿಗೋ ಕೋಳ ಬೀಳುತ್ತಿತ್ತು. ಯಜಮಾನರ ಕಥೆಯಲ್ಲಿ ಮಾತ್ರ ಕಳ್ಳನಿಗೆ ಯಾವಾಗಲೂ ಒಂದು ಕಾರಣವಿರುತ್ತಿತ್ತು. ಗಡಿಯಾರ ಕದ್ದ ನರಿಯ ಮನೆಯಲ್ಲಿ ಮಕ್ಕಳು ಹೊತ್ತು ಗೊತ್ತಾಗದೆ ಸ್ಕೂಲಿಗೆ ತಡ ಮಾಡುತ್ತಿದ್ದವು. ಆ ಕೋಳ ಕೋಳವೇ ಅಲ್ಲ, ನರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಕೈಗೆ ಸರ್ಕಾರಿ ಬಳೆ ತೊಡಿಸಿ ಕರೆದುಕೊಂಡು ಹೋಗುತ್ತಿದ್ದಾರೆ. ಮಕ್ಕಳು ಒಪ್ಪುತ್ತಿದ್ದವು. ನನಗೂ ಒಪ್ಪದಿರಲು ಕಾರಣ ತೋರಲಿಲ್ಲ.

ಆ ವರ್ಷದ ದೀಪಾವಳಿಯಲ್ಲಿ ಗಂಗಮ್ಮನವರ ಗುಂಡಿನ ಸರ ಕಾಣೆಯಾಯಿತು.

ಗಂಗಮ್ಮನವರದು ನಮ್ಮ ಬೀದಿಯ ಕೊನೆಯ ದೊಡ್ಡ ಮನೆ. ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಗೆ ಒಣಗಲು ಬಿಟ್ಟ ಕಾಯಿ, ಹಿತ್ತಿಲಲ್ಲಿ ಒಂದು ಕೆಂದ ಹಸು. ಪಾಡ್ಯದ ದಿನ ಹಸುವನ್ನು ಪೂಜಿಸುವಾಗ ಮನೆಯ ಹಿರಿಯ ಹೆಂಗಸು ಕೊರಳ ಸರ ತೆಗೆದು ಹೂವಿನ ತಟ್ಟೆಯಲ್ಲಿಟ್ಟು, ಹಸುವಿನ ಮುಂದೆ ಹಿಡಿದು, ಲಕ್ಷ್ಮಿಗೆ ತೋರಿಸಿದ ಮೇಲೆ ಮತ್ತೆ ಹಾಕಿಕೊಳ್ಳುವುದು ಆ ಮನೆಯ ಪದ್ಧತಿ. ಅವತ್ತು ಗಂಗಮ್ಮ ತಟ್ಟೆಯನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಒಲೆಯ ಮೇಲಿನ ಎಣ್ಣೆ ನೋಡಲು ಒಳಗೆ ಹೋದರು. ನೆಂಟರು ಬಂದರು, ಊಟವಾಯಿತು. ಸಂಜೆ ಕೊರಳು ಮುಟ್ಟಿಕೊಂಡರೆ ಸರವಿಲ್ಲ. ತಟ್ಟೆಯೂ ಖಾಲಿ.

ಹಿತ್ತಿಲಿಗೆ ಅವತ್ತು ಬಂದ ಹೊರಗಿನವನು ಒಬ್ಬನೇ, ಕೆಂಚಣ್ಣ. ಬುಕ್ಕಾಂಬುಧಿಯವನು. ನಮ್ಮ ಬೀದಿಯ ತೋಟದ ಮನೆಗಳಿಗೆಲ್ಲ ಕಾಯಿ ಸುಲಿಯುವವನು ಅವನೇ, ಅಟ್ಟ ಹತ್ತಿ ಕೊಬ್ಬರಿ ಇಳಿಸುವವನೂ ಅವನೇ. ಮುಖದ ತುಂಬ ಗಡ್ಡ, ಕಿವಿಯಲ್ಲೂ ಕೂದಲು, ಬೇಸಿಗೆಯಲ್ಲೂ ಹೆಗಲಿಂದ ಇಳಿಯದ ಕರಿಯ ಕಂಬಳಿ. ಹಬ್ಬಕ್ಕೆಂದು ಬಂದವನಿಗೆ ಗಂಗಮ್ಮನವರೇ ಹೋಳಿಗೆ ಕಟ್ಟಿ ಕೊಟ್ಟಿದ್ದರು. ಗಂಟನ್ನು ಕಂಬಳಿಯೊಳಗೆ ಇಟ್ಟುಕೊಂಡು ಹೋದವನು ಮಾರನೆಯ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದ. ಬರುವ ಹೊತ್ತಿಗೆ ಆ ಮನೆಯಲ್ಲಿ ಅಂಜನ ಹಾಕಿಸುವ ಸಿದ್ಧತೆ ನಡೆದಿತ್ತು.

ಅಂಜನವೆಂದರೆ, ವೀಳ್ಯದೆಲೆಗೆ ಕಾಡಿಗೆಯಂಥ ಕಪ್ಪು ಬಳಿದು ಮಗುವಿನ ಕೈಗೆ ಕೊಡುತ್ತಾರೆ. ಆ ಕಪ್ಪಿನಲ್ಲಿ ಮಗುವಿಗೆ ಕಳ್ಳ ಕಾಣುತ್ತಾನೆ ಎಂದು ನಂಬಿಕೆ. ಗಂಗಮ್ಮನವರ ಮಗ ಮಹೇಶ ತರೀಕೆರೆ ಕಡೆಯ ಅಂಜನದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಕಾಲು ಮುಂದಾಗಿ ಹುಟ್ಟಿದ ಮಗು ಬೇಕು ಎಂದು ಅವರು ಕೇಳಿದರು. ಬೀದಿಯಲ್ಲಿ ಹಾಗೆ ಹುಟ್ಟಿದ್ದವಳು ನನ್ನ ಮಗಳು. ಶಿವನಿಯಲ್ಲಿ ಯಾರದೋ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿದೆ ಎಂದು ನಾನು ಬೆಳಗಾಗುವ ಮುಂಚೆಯೇ ಹೋಗಿದ್ದೆ. ತಿರುಗಿ ಬಂದಾಗ ಗಂಗಮ್ಮನವರ ಅಂಗಳದ ತುಂಬ ಜನ, ನಡುವೆ ಮಣೆಯ ಮೇಲೆ ನನ್ನ ಮಗಳು. "ಮಗು ಒಂಚೂರು ನೋಡಿದ್ರೆ ಏನ್ ಸವ್ದೋಗುತ್ತೆ ಅಂದ್ರು ಕಣ್ರೀ" ಎಂದು ನನ್ನ ಹೆಂಡತಿ ಮೆಲ್ಲಗೆ ಹೇಳಿದಳು. ನನಗೆ ಸಿಟ್ಟು ಬಂದಿತ್ತು. ಜನರನ್ನು ಸರಿಸಿಕೊಂಡು ಮುಂದೆ ಹೋಗುವಷ್ಟರಲ್ಲಿ ಪ್ರಶ್ನೆಗಳು ಶುರುವಾಗಿದ್ದವು.

"ಏನ್ ಕಾಣ್ತೈತೆ ಮಗಾ?"

"ನನ್ ಮುಖ."

"ಮುಖದ ಹಿಂದ್ಗಡೆ ನೋಡವ್ವ. ಯಾರಾದ್ರೂ ಬತ್ತಾವ್ರಾ?"

ಮಗಳು ಎಲೆಯನ್ನು ಕಣ್ಣಿಗೆ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಅಷ್ಟು ಜನ ದೊಡ್ಡವರು ಉಸಿರು ಬಿಗಿಹಿಡಿದು ನಿಂತಿರುವಾಗ ಏನೂ ಕಾಣುತ್ತಿಲ್ಲ ಎಂದು ಹೇಳಲು ಯಾವ ಮಗುವಿಗೆ ಮನಸ್ಸು ಬಂದೀತು?

"ಕರಡಿ" ಎಂದಳು.

"ಕರಡಿ ಏನ್ ಮಾಡ್ತೈತೆ?"

"ಗಂಟು ಹೊತ್ಕೊಂಡು ಹೋಗ್ತೈತೆ. ಕೆರೆ ಏರಿ ಮೇಲೆ."

"ಯಾವ ಕೆರೆ ಅಂತ ಗೊತ್ತಾಗ್ತೈತಾ?"

"ಬುಕ್ಕಾಂಬುಧಿ ಕೆರೆ."

ಅಂಗಳದವರೆಲ್ಲ ಒಟ್ಟಿಗೆ ಹಿತ್ತಿಲ ಬಾಗಿಲ ಕಡೆ ತಿರುಗಿದರು. ಅಲ್ಲಿ ಕೆಂಚಣ್ಣ ನಿಂತಿದ್ದ. ಎಲ್ಲರೂ ನೋಡಿದ್ದೇ ತಡ, ಅವನ ಕೈ ತಾನಾಗಿ ಹೆಗಲ ಮೇಲಿನ ಕಂಬಳಿಯನ್ನು ಎಳೆದು ಕೆಳಗೆ ಹಾಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆ ಬಲ್ಲವರಿಗೆ ಅಷ್ಟು ಸಾಕಾಯಿತು.

"ಇನ್ನೇನ್ ಬೇಕು?" ಎಂದ ಮಹೇಶ. "ಎಲ್ಲಿಟ್ಟಿದೀಯ, ಹೇಳ್ಬಿಡು ಕೆಂಚಾ."

"ಹೋಳಿಗೆ ಕಣ್ರಪ್ಪಾ ಅದು. ಅಮ್ಮಾರೇ ಕಟ್ಟಿ ಕೊಟ್ರು."

"ಹೋಳಿಗೆ ಕೊಟ್ಟಿದ್ದು ನಾನೇ" ಎಂದರು ಗಂಗಮ್ಮ. ಅವರ ಕಣ್ಣು ರಾತ್ರಿಯೆಲ್ಲ ಅತ್ತು ಊದಿತ್ತು. ಅದು ಅವರ ಅತ್ತೆ ಕೊಟ್ಟ ಸರ. "ಅದ್ರ ಜೊತೆಗೆ ನೀನೇನ್ ಸೇರಿಸ್ಕೊಂಡ್ಯೋ ದೇವ್ರಿಗೇ ಗೊತ್ತು."

ಬುಕ್ಕಾಂಬುಧಿಗೆ ಹೋಗಿ ಅವನ ಮನೆ ಜಾಲಾಡುವುದೆಂದು ಮಾತಾಯಿತು. ಯಾರೋ ಜೀಪು ತರಲು ಹೊರಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಅಟ್ಟ ಹತ್ತುವವನಿಗೆ ಕಳ್ಳನೆಂಬ ಹೆಸರು ಒಮ್ಮೆ ಬಂದರೆ ಆಮೇಲೆ ಯಾವ ಮನೆಯೂ ಅವನಿಗೆ ಏಣಿ ಹಾಕುವುದಿಲ್ಲ. ಊರಿನವರ ಕಣ್ಣೆದುರು ಮನೆಯ ಮಡಕೆ ಕುಡಿಕೆ ಹೊರಗೆ ತಂದು ಸುರಿದ ಮೇಲೆ, ಸರ ಸಿಕ್ಕದಿದ್ದರೂ ಆ ಹೆಸರು ಹೋಗುವುದಿಲ್ಲ. ಇದು ಕೆಂಚಣ್ಣನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಅಳಲಿಲ್ಲ, ಕೂಗಾಡಲಿಲ್ಲ. ಕಂಬಳಿಯನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದ.

ಆಗ ಅಂಗಳದ ಗೇಟಿನ ಹತ್ತಿರ ಕೆಂಪು ಟವೆಲ್ ಮೇಲೆದ್ದಿತು. ಮಕ್ಕಳು ಮೊದಲು ಸುಮ್ಮನಾದವು, ಅವನ್ನು ನೋಡಿ ದೊಡ್ಡವರೂ ಸುಮ್ಮನಾದರು.

"ಆ ಕರಡಿ ನಂದು" ಎಂದರು ಯಜಮಾನರು.

ಯಾರಿಗೂ ಅರ್ಥವಾಗಲಿಲ್ಲ. ನಿನ್ನೆ ಸಂಜೆ ಟೀವಿಯಲ್ಲಿ ಬಂದ ಕಥೆ ಅದು, ಕರಡಿ ಗಂಟು ಹೊತ್ತು ಹೋಗುವ ಹೊತ್ತಿಗೆ ಕರೆಂಟ್ ಹೋಯಿತು, ಮಗು ಅದನ್ನೇ ನೆನೆಸಿಕೊಂಡು ಹೇಳುತ್ತಿದೆ ಎಂದು ಅವರು ಬಿಡಿಸಿ ಹೇಳಿದರು.

"ಅಲ್ಲಾ ಯಜಮಾನ್ರೇ" ಎಂದ ಮಹೇಶ, "ಹಿಂದಿಯೋರು ಮಾಡಿರೋ ಕಥೇಲಿ ಬುಕ್ಕಾಂಬುಧಿ ಕೆರೆ ಬತ್ತದಾ? ಅವ್ರೇನ್ ಕಂಡಿದಾರೆ ನಮ್ ಕೆರೇನ?"

ಜನ ಹೌದು ಹೌದೆಂದರು. ಅಂಜನದವರು ಗಡ್ಡ ನೀವಿಕೊಂಡು ಹೌದೆಂದರು. ಯಜಮಾನರು ಟವೆಲ್ ಕೆಳಗಿಳಿಸಿದರು. ಅವರು ಅಲ್ಲೇ ನಿಲ್ಲಿಸಬಹುದಿತ್ತು. ಬೇಕಾದದ್ದನ್ನು ಹೇಳಿ ಆಗಿತ್ತು, ಜನ ಕೇಳಲಿಲ್ಲ ಎಂದು ಮನೆಗೆ ಹೋಗಬಹುದಿತ್ತು.

"ಟೀವೀಲಿ ಬರೋದು ಯಾವ್ದೋ ಸೇತುವೆ. ಬುಕ್ಕಾಂಬುಧಿ ಕೆರೆ ಅಂತ ಹೇಳಿದ್ದು ನಾನು. ಹೆಸರು ನಾನೇ ಹಾಕೋದು, ಕಥೇನೂ ನಾನೇ ಹಾಕೋದು. ಅವ್ರು ಏನಂತಾರೆ ಅಂತ ನಂಗೆ ಗೊತ್ತಾಗಲ್ಲ. ನಂಗೆ ಹಿಂದಿ ಬರಲ್ಲ."

ಒಬ್ಬಿಬ್ಬರು ನಕ್ಕರು, ತಮಾಷೆ ಎಂದುಕೊಂಡು.

"ಮತ್ತೆ ಝಾನ್ಸಿ, ಇಟಾರ್ಸಿ?"

"ಹುಬ್ಬಳ್ಳಿ ದಾಟಿಲ್ಲ ಕಣಪ್ಪ ನಾನು. ಸರ್ವೀಸೆಲ್ಲ ಶಿವನಿ ಗೇಟಲ್ಲೇ ಮುಗೀತು. ಆ ಊರಿನ ಹೆಸರು ಬೋಗಿ ಮೇಲೆ ಬರ್ದಿರೋರು, ಓದ್ಕೊಂಡಿದ್ದೆ. ಆ ಕಡೆ ಜನ ಕಿಟಕೀಲಿ ಕೂತಿರೋರು, ನೋಡಿದ್ದೆ. ಅಷ್ಟೇ ನಂಗೊತ್ತಿರೋದು."

ಹೇಳುವಾಗ ಅವರ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ, ದೂರದಿಂದ ಗಾಡಿ ಬರುವುದನ್ನು ಕಾಯುವವರಂತೆ ಬೀದಿಯ ತುದಿಯನ್ನು ನೋಡುತ್ತಿತ್ತು. ಬ್ಯಾಂಕಿಗೆ ಅವರನ್ನು ಕರೆದೊಯ್ದಿದ್ದವರಲ್ಲಿ ಅರ್ಧ ಜನ ಆ ಅಂಗಳದಲ್ಲೇ ಇದ್ದರು. ನನಗೆ ಯಜಮಾನರ ಮೇಲೆ ಅವತ್ತು ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ನಾನು ಮುಂದೆ ಹೋಗಿ ಮಗಳ ಕೈಯಿಂದ ಎಲೆ ತೆಗೆದುಕೊಂಡೆ. "ಕರಡಿ ಎಲ್ಲಿ ನೋಡಿದೆ, ಹೇಳು" ಎಂದೆ. "ತಾತನ ಮನೇಲಿ" ಎಂದಳು, ಇದೇನು ಕೇಳುವ ಮಾತೇ ಎನ್ನುವಂತೆ.

ಮಗುವಿನ ದೃಷ್ಟಿ ಕದಡಿದೆ ಎಂದು ಅಂಜನದವರು ಚೀಲ ಕಟ್ಟಿದರು. ಜೀಪು ಹೋಗಲಿಲ್ಲ. ಜನ ಚದುರುವಾಗ ಕೆಂಚಣ್ಣ ಮಡಚಿದ ಕಂಬಳಿಯನ್ನು ಬಗಲಲ್ಲಿಟ್ಟುಕೊಂಡು ಯಜಮಾನರ ಹತ್ತಿರ ಬಂದ. ಕೈ ಮುಗಿಯುತ್ತಾನೆ ಎಂದುಕೊಂಡಿದ್ದೆ.

"ಅಲ್ಲಾ, ಆ ಕರಡಿ ಗಂಟಲ್ಲಿ ಏನಿತ್ತು?" ಎಂದು ಕೇಳಿದ.

"ಕರೆಂಟ್ ಹೋಯ್ತಲ್ಲಪ್ಪ. ನಾನೂ ನೋಡ್ಲಿಲ್ಲ."

ಊರು ಅವರನ್ನು ಸುಮ್ಮನೆ ಬಿಡಲಿಲ್ಲ. 'ಹಿಂದಿ ಪಂಡಿತರು' ಎಂದು ಹೋಟೆಲಿನಲ್ಲಿ ಎದುರಿಗೇ ಕರೆದರು. ಬ್ಯಾಂಕಿಗೆ ಕರೆಯುವವರು ನಿಂತರು. ಸಾಲ ಸಿಕ್ಕದೆ ಹೋಗಿದ್ದ ಒಬ್ಬ ಜಗುಲಿಗೇ ಬಂದು ಬೈದು ಹೋದ. ಅವರು ಸಂಜೆ ಬಾಗಿಲು ಹಾಕಿಕೊಳ್ಳತೊಡಗಿದರು, ಮಕ್ಕಳು ಜಗುಲಿಯವರೆಗೆ ಹೋಗಿ ತಿರುಗಿ ಬಂದವು. ನಾನು ಒಂದು ದಿನ ನೋಡಲು ಹೋದೆ. "ನೀವು ಡಾಕ್ಟ್ರೂ ಅಲ್ಲ, ನಾನು ಪಂಡಿತನೂ ಅಲ್ಲ. ಬನ್ನಿ, ಕೂತ್ಕೊಳಿ" ಎಂದರು. ಅಕ್ಕ ಕಾಫಿ ತಂದಿಟ್ಟರು. "ಇವ್ರಿಗೆ ಹಿಂದಿ ಬರಲ್ಲ ಅಂತ ನಂಗೆ ಮದ್ವೆ ಆದ್ ವರ್ಷಾನೇ ಗೊತ್ತು. ಊರಿಗೆ ಈಗ ಗೊತ್ತಾಯ್ತು. ಅದಕ್ಯಾಕೆ ಊಟ ಬಿಡ್ಬೇಕು, ನೀವೇ ಹೇಳಿ" ಎಂದರು. ಆ ದಿನಗಳಲ್ಲಿ ಯಜಮಾನರು ಸರಿಯಾಗಿ ಉಣ್ಣುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ.

ಬಾಗಿಲು ತೆರೆಸಿದವನು ಕೆಂಚಣ್ಣ. ಒಂದು ಸಂಜೆ ಏಳರ ಹೊತ್ತಿಗೆ ಸುಲಿದ ಎರಡು ಕಾಯಿ ಹಿಡಿದು ಬಂದು ಹೊಸ್ತಿಲಾಚೆ ಕೂತ. "ಟೀವಿ ಹಾಕಿ. ಆ ಕರಡೀದು ಏನಾಯ್ತು ನೋಡ್ಬೇಕು."

"ಅದು ಮುಗ್ದೋಯ್ತು ಕಣಪ್ಪ. ಈಗ ಬೇರೆ ಕಥೆ."

"ಹಂಗಾದ್ರೆ ನೀವೇ ಹೇಳಿ."

ಗಂಟಿನಲ್ಲಿ ಬೆಲ್ಲವಿತ್ತು ಎಂದು ಅವರು ಹೇಳಿದರು. ಕಾಯಿಲೆ ಬಿದ್ದ ಆಮೆಗೆ ಪಾನಕ ಮಾಡಿಕೊಡಲು ಕರಡಿ ಬೆಲ್ಲ ಹೊತ್ತು ಹೋಗುತ್ತಿತ್ತಂತೆ. ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ನನ್ನ ಮಗಳು ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಎರಡು ದಿನದಲ್ಲಿ ಬೀದಿಯ ಮಕ್ಕಳೆಲ್ಲ ಬಂದವು. ಕೆಂಚಣ್ಣನೂ ಕೆಲಸವಿದ್ದ ದಿನ ಕೊನೆಯ ಬಸ್ಸಿಗೆ ಮುಂಚೆ ಬಂದು ಕೂರುತ್ತಿದ್ದ. ಕಥೆ ಮುಗಿದ ಮೇಲೆ ತಪ್ಪದೆ ಕರಡಿಯ ಗಂಟಿನ ಮಾತು ತೆಗೆಯುತ್ತಿದ್ದ. ಉತ್ತರ ಒಂದೊಂದು ದಿನ ಒಂದೊಂದು. ಜೇನುಹುಟ್ಟು, ಬಾಣಂತಿಗೆ ಬಟ್ಟೆ, ಶಾಲೆಗೆ ಹೋಗದ ಕರಡಿಮರಿಯ ಪಾಟಿಚೀಲ. ಕದ್ದದ್ದು ಮಾತ್ರ ಯಾವತ್ತೂ ಇರಲಿಲ್ಲ.

ಮುಂದೆ ಒಂದು ವರ್ಷ ಅದೇ ಧಾರಾವಾಹಿ ಕನ್ನಡದಲ್ಲೇ ಬರತೊಡಗಿತು. ಮುಂಗುಸಿ "ಬನ್ನಿರಿ ಮಿತ್ರರೇ, ಈ ರಹಸ್ಯವನ್ನು ಭೇದಿಸೋಣ" ಎಂದು ಮಾತಾಡಿತು. ಸ್ಟೇಷನ್ ಮಾಸ್ಟರ್ ಯಾಕೆ ಹೀಗೆ ಮಾತಾಡುತ್ತಾನೆ ಎಂದು ಮಕ್ಕಳಿಗೆ ನಗು. ಸದ್ದು ಕಡಿಮೆ ಮಾಡಿ ತಾತನ ಕಥೆಯನ್ನೇ ಕೇಳಿದವು.

ಗಂಗಮ್ಮನವರ ಸರ ಆ ದೀಪಾವಳಿಯ ಮುಂದಿನ ಸಂಕ್ರಾಂತಿ ಕಳೆದ ಮೇಲೆ ಸಿಕ್ಕಿತು. ಅವರ ಹಸು ಮೇವು ಬಿಟ್ಟು, ಮೆಲುಕು ಹಾಕದೆ, ಬಡವಾಗುತ್ತ ಬಂದಿತ್ತು. ಡಾಕ್ಟರು ಎಡಪಕ್ಕೆ ಕೊಯ್ದು ಹೊಟ್ಟೆಯೊಳಗೆ ಕೈ ಹಾಕಿದರು. ಪ್ಲಾಸ್ಟಿಕ್ ಕವರು ಬಂದವು, ಹಗ್ಗದ ತುಂಡು ಬಂತು, ಕೊನೆಗೆ ಚೆಂಡುಹೂವಿನ ನಾರಿನ ಜೊತೆ ಸುತ್ತಿಕೊಂಡು ಗುಂಡಿನ ಸರ ಬಂತು. ಪಾಡ್ಯದ ದಿನ ತಟ್ಟೆಯ ಹೂವನ್ನು ಹಸುವಿನ ಮುಂದೆ ಸುರಿದದ್ದು ತಾನೇ ಎಂದು ಸೊಸೆಗೆ ಆಗ ನೆನಪಾಯಿತು. ನಾನು ಸರವನ್ನು ಬಕೆಟ್ಟಿನಲ್ಲಿ ತೊಳೆದು ಕೊಟ್ಟೆ. ಗಂಗಮ್ಮ ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಹಿಡಿದುಕೊಂಡು ಅಲ್ಲೇ ಕೂತರು.

ಅವತ್ತೇ ಕೆಂಚಣ್ಣನನ್ನು ಕರೆಸಿ, "ತಪ್ಪಾಯ್ತು ಕಣಪ್ಪ" ಎಂದರು. "ನಂಗೇನಿಲ್ಲ ಬಿಡಿ ಅಮ್ಮಾ. ರೈಲ್ವೆ ಯಜಮಾನ್ರಿಗೆ ಹೇಳಿ" ಎಂದನಂತೆ ಅವನು. ಯಾರ ಮನೆಗೂ ಸುಲಭಕ್ಕೆ ಹೋಗದ ಗಂಗಮ್ಮ ಆ ಸಂಜೆ ಎದುರು ಮನೆಗೆ ಬಂದು ಮಕ್ಕಳ ನಡುವೆ ಕೂತರು. ಯಜಮಾನರು ಅವರಿಗೆ ಏನನ್ನೂ ಹೇಳುವ ಅವಕಾಶ ಕೊಡಲಿಲ್ಲ. ಕೆಂಪು ಟವೆಲ್ ಎತ್ತಿ, "ಸದ್ದು. ಗಾಡಿ ಬತ್ತಾ ಐತೆ" ಎಂದು ಕಥೆ ಶುರು ಮಾಡಿದರು. ಆ ದಿನದ ಕಥೆಯಲ್ಲಿ ಒಂದು ಹಸುವಿತ್ತು. ಅವರು ಅದನ್ನು ಕೊನೆಯವರೆಗೂ ಎಮ್ಮೆ ಎಂದೇ ಕರೆದರು.

ಮಣ್ಣಾದ ಮೂರನೆಯ ದಿನ ನಾನೂ ನನ್ನ ಹೆಂಡತಿಯೂ ಅಕ್ಕನ ಹತ್ತಿರ ಕೂತಿದ್ದೆವು. ಎರಡೂ ಟವೆಲ್ ಒಗೆದು ಹಗ್ಗದ ಮೇಲೆ ಹಾಕಿದ್ದರು. ಮಾತು ಎಲ್ಲೆಲ್ಲೋ ಹೋಗಿ ಕರಡಿಗೆ ಬಂತು.

"ಆ ಕಥೆ ಇನ್ನೊಂದ್ಸಲ ಬಂದಿತ್ತು, ಗೊತ್ತಾ?" ಎಂದರು ಅಕ್ಕ. "ಮಧ್ಯಾನದ ಹೊತ್ತು. ಮಕ್ಳೆಲ್ಲ ಸ್ಕೂಲಲ್ಲಿದ್ವು. ನಾವಿಬ್ರೇ ನೋಡಿದ್ವಿ."

"ಗಂಟಲ್ಲಿ ಏನಿತ್ತಕ್ಕ?"

"ಒಡವೆ. ಬಿಚ್ಚಿದ್ರೆ ಬರೀ ಒಡವೆ. ಆ ಕರಡೀನೇ ಕಳ್ಳ. ಅದಕ್ಕೆ ಹಿಂದಿ ಬೇಕಾ? ನಂಗೇ ಗೊತ್ತಾಯ್ತು. ಇವ್ರು ಎದ್ದು ಟೀವಿ ಆರ್ಸಿದ್ರು. 'ಲೇ, ಇದು ಯಾರ ಕಿವಿಗೂ ಬೀಳ್ಬಾರ್ದು' ಅಂದ್ರು. ಸುಳ್ ಹೇಳಿ ಹೇಳಿ ನಿಮ್ ನಾಲಿಗೆ ಸವ್ದೋಯ್ತು ಅಂತ ನಾನು ಬೈದೆ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬೈಬಾರ್ದಿತ್ತು."

ಅಷ್ಟರಲ್ಲಿ ಕೆಂಚಣ್ಣ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಈಗ ಅಟ್ಟ ಹತ್ತಲು ಆಗುವುದಿಲ್ಲ. ಏಣಿ ಹಿಡಿದು ನಿಲ್ಲುತ್ತಾನೆ, ಅವನ ಮಗ ಹತ್ತುತ್ತಾನೆ. ಗಂಗಮ್ಮನವರ ಅಟ್ಟಕ್ಕೂ ಅವರೇ. ತಂದಿದ್ದ ಕಾಯಿಗಳನ್ನು ಮೂಲೆಯಲ್ಲಿಟ್ಟು, ಎಂದಿನಂತೆ ಹೊಸ್ತಿಲಾಚೆ ಕೂತ. ಆರಿಸಿದ್ದ ಟೀವಿಯನ್ನು ಸ್ವಲ್ಪ ಹೊತ್ತು ನೋಡಿದ.

"ಅಕ್ಕಾ, ಒಂದ್ ಮಾತು ಹಂಗೇ ಉಳ್ಕೊಂಡೋಯ್ತು" ಎಂದ. "ಆ ಗಂಟಲ್ಲಿ ಏನಿತ್ತು ಅಂದ್ರೆ ದಿನಾ ಒಂದೊಂದ್ ಹೇಳೋರು. ದಿಟ ಯಾವ್ದು ಅಂತ ನಿಮ್ಗೇನಾದ್ರೂ ಹೇಳಿದ್ರಾ?"

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಕ್ಕ ನಮ್ಮಿಬ್ಬರನ್ನೂ ನೋಡಲಿಲ್ಲ. ಎದ್ದು ಹೋಗಿ ಹಗ್ಗದ ಮೇಲಿನ ಟವೆಲ್‌ಗಳನ್ನು ತಂದು, ಮಡಚುತ್ತ ಕೂತರು.

"ಹೇಳಿದ್ರಪ್ಪ. ಊಟ ಇತ್ತು. ಮುದ್ದೆ, ಸಾರು. ಗೇಟಲ್ಲಿ ಆ ನೈಟ್ ಡ್ಯೂಟಿ ಗೂಬೆ ಹಸ್ಕೊಂಡ್ ಕೂತಿತ್ತಲ್ಲ, ಅದಕ್ಕೆ ಹೊತ್ಕೊಂಡ್ ಹೋಗ್ತಿತ್ತು."

ಕೆಂಚಣ್ಣ ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದ.

"ಆರೋಕ್ ಮುಂಚೆ ಮುಟ್ಟಿಸ್ತಾ?"

"ಮುಟ್ಟಿಸ್ತು" ಎಂದರು ಅಕ್ಕ.